ಬಡಾವಣೆಗಳಲ್ಲಿ ಕಲೆಯ ನೆಲೆ

ನಗರಗಳು ಬೆಳೆದಂತೆ ಅವುಗಳ ಅಂಚಿನಲ್ಲಿ ಬಡಾವಣೆಗಳೂ ಉಪನಗರಗಳೂ ಹುಟ್ಟುವುದು ಕಾಲಧರ್ಮವು. ಬೀದಿಗಳ ಅಗಲವೆಷ್ಟಿರಬೇಕು, ಚರಂಡಿಯ ನೀರು ಯಾವ ಕಡೆಗೆ ಹರಿಯಬೇಕು, ಮನೆಮನೆಗೂ ನಲ್ಲಿಯ ನೀರು ಎಲ್ಲಿಂದ ಬರಬೇಕು ಎಂಬ ವಿಷಯಗಳಲ್ಲಿ ಯೋಜಕರು ಬಹಳವಾಗಿ ಶ್ರಮ ವಹಿಸುತ್ತಾರೆ, ವಹಿಸತಕ್ಕದ್ದೇ ಸರಿ. ಆದರೆ ಅಲ್ಲಿ ನೆಲೆಸಿದ ಗೃಹಸ್ಥರು ದಿನದ ದುಡಿಮೆಯನ್ನು ಮುಗಿಸಿ ಸಂಜೆ ಎಲ್ಲಿ ಕಲೆಯಬೇಕು, ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ, ನಕಾಶೆಯ ಒಂದು ಮೂಲೆಗೆ ಬಣ್ಣ ಬಳಿದು ‘ಸಾಂಸ್ಕೃತಿಕ ಭವನ’ ಎಂದು ಬರೆದುಬಿಟ್ಟರೆ ಕರ್ತವ್ಯವು ಮುಗಿಯಿತೆಂದು ಅವರು ಭಾವಿಸುವಂತೆ ಕಾಣುತ್ತದೆ. ಈ ವಿಷಯದಲ್ಲಿ ಬೆಂಗಳೂರಿನ ಬಡಾವಣೆಗಳ ಸುಮಾರು ನೂರಮೂವತ್ತು ವರ್ಷಗಳ ಚರಿತ್ರೆಯು ಒಳ್ಳೆಯ ಪಾಠಶಾಲೆಯಾಗಿದೆ. ಈಗ ಜಿಲ್ಲೆಯ ಮುಖ್ಯಪಟ್ಟಣಗಳ ಸುತ್ತಲೂ ಬಡಾವಣೆಗಳು ಹಬ್ಬುತ್ತಿರುವುದರಿಂದ, ಅಲ್ಲಿ ಫಲಿಸಿದ್ದೇನು, ಫಲಿಸದೆಹೋದುದೇನು ಎಂಬುದರ ವಿಮರ್ಶೆಯು ವಾಚಕರಿಗೆ ಅಪ್ರಸ್ತುತವೆನಿಸಲಾರದು.

ಮೊದಲು ಕಾನೂನಿನ ಮಾತು. ೧೯೭೬ನೆಯ ಇಸವಿಯ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮದಂತೆ, ಹೊಸ ಬಡಾವಣೆಯ ವಿಸ್ತೀರ್ಣದಲ್ಲಿ ನೂರಕ್ಕೆ ೧೫ಕ್ಕೆ ಕಡಮೆಯಿಲ್ಲದಷ್ಟು ನೆಲವನ್ನು ಉದ್ಯಾನಗಳಿಗೂ ಆಟದ ಬಯಲುಗಳಿಗೂ, ಅದಲ್ಲದೆ ೧೦ಕ್ಕೆ ಕಡಮೆಯಿಲ್ಲದಷ್ಟು ನೆಲವನ್ನು ನಾಗರಿಕ ಸೌಕರ್ಯಗಳಿಗೂ ಬಿಡಬೇಕು. ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಅಂಚೆಯ ಕಚೇರಿ ಮುಂತಾದುವುಗಳೊಡನೆ ಸಾಂಸ್ಕೃತಿಕ ಕೇಂದ್ರಗಳೂ ಈ ಸೌಕರ್ಯಗಳ ಪಟ್ಟಿಯಲ್ಲಿವೆ. ಈ ಔದಾರ್ಯವು ಅಲ್ಪವಾದುದೇನೂ ಅಲ್ಲ. ಆದರೆ ಅಂಚೆಯ ಕಚೇರಿಗೆ ಕಟ್ಟಡವಿದ್ದರೆ ಕಾಗದಗಳು ತಾವಾಗಿಯೇ ಬರುತ್ತವೆ. ರಂಗಮಂದಿರಕ್ಕೆ ಕಟ್ಟಡವಿದ್ದಮಾತ್ರದಿಂದ ಸಹೃದಯರು ಬರುವುದಿಲ್ಲ. ಆದಕಾರಣ ‘ಸಮುದಾಯ ಭವನ’ವೆಂಬ ಹೆಸರಿನಿಂದ ಏಳುವ ಎಷ್ಟೋ ಕಟ್ಟಡಗಳು ಕೆಲವು ವರ್ಷಗಳಲ್ಲಿಯೇ ಲಗ್ನ ನಿಶ್ಚಿತಾರ್ಥಗಳ ಮಂಟಪಗಳಾಗಿ ಪರಿಣಮಿಸುತ್ತವೆ. ಲಗ್ನಗಳೂ ನಡೆಯಬೇಕಾದುವೇ ಸರಿ. ಆದರೆ ಬೀಗರು ಒಂದು ದಿನಕ್ಕೆ ಕೊಡಬಲ್ಲ ಬಾಡಿಗೆಯನ್ನು ಹವ್ಯಾಸಿ ನಾಟಕದ ಮಂಡಳಿಯವರು ಒಂದು ತಿಂಗಳಿಗೂ ಕೊಡಲಾರರೆಂಬುದನ್ನು ಯೋಜಕರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಈ ನಿಯಮಗಳೊಂದೂ ಇಲ್ಲದಿದ್ದ ಕಾಲದಲ್ಲಿ ಏನಾಯಿತೆಂಬುದನ್ನು ನೋಡಬೇಕು. ಚಾಮರಾಜಪೇಟೆಯು ೧೮೯೨ರಲ್ಲಿ ಏರ್ಪಟ್ಟಿತು. ೧೮೯೮ರಲ್ಲಿ ಪ್ಲೇಗು ಮಾರಿಯು ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಹೊಕ್ಕಮೇಲೆ ಜನರು ಗಾಳಿಬೆಳಕುಗಳನ್ನು ಅರಸಿಕೊಂಡು ಬಸವನಗುಡಿಗೂ ಮಲ್ಲೇಶ್ವರಕ್ಕೂ ಹೊರಟರು. ಬಸವನಗುಡಿಯನ್ನು ಕಟ್ಟಿದವರು ಕಡಲೆಕಾಯಿ ಪರಿಷೆಯನ್ನು ಯೋಜಿಸಲಿಲ್ಲ. ಅದು ಬಡಾವಣೆಗಿಂತಲೂ ಹಳೆಯದು. ಸುತ್ತಣ ರೈತರು ಕಾರ್ತಿಕಮಾಸದ ಕಡೆಯ ಸೋಮವಾರ ತಮ್ಮ ಹೊಸ ಫಸಲನ್ನು ಬಸವಣ್ಣನಿಗೆ ಅರ್ಪಿಸಿ ದೇವಸ್ಥಾನದ ಮುಂದಿನ ಹಾದಿಯಲ್ಲಿ ಮಾರುತ್ತಿದ್ದ ಜಾತ್ರೆಯದು. ಹೊಲಗಳು ಹೋಗಿ ಮನೆಗಳು ಬಂದುವು, ಎತ್ತಿನ ಗಾಡಿಗಳು ಹೋಗಿ ಲಾರಿಗಳು ಬಂದುವು; ಪರಿಷೆಯು ಮಾತ್ರ ಹೋಗಲಿಲ್ಲ. ಅದಕ್ಕೆ ಆಮಂತ್ರಣ ಪತ್ರಿಕೆಯ ಅವಶ್ಯಕತೆಯೇ ಇಲ್ಲ. ಯಾವ ದಿನವೆಂಬುದನ್ನು ಪಂಚಾಂಗವು ಹೇಳುತ್ತದೆ, ಯಾವ ಸ್ಥಳವೆಂಬುದನ್ನು ಬಸವನು ಹೇಳುತ್ತಾನೆ.

ಹಳೆಯ ಬಡಾವಣೆಗಳಲ್ಲಿ ಜನರು ತಾವಾಗಿಯೇ ಕಟ್ಟಿಕೊಂಡ ಕಲಾವ್ಯವಸ್ಥೆಗಳಲ್ಲಿ ಅತ್ಯಂತ ವಿಚಾರಾರ್ಹವಾದುದು ಚಾಮರಾಜಪೇಟೆಯ ರಾಮನವಮಿಯ ಸಂಗೀತೋತ್ಸವವು. ಎಸ್. ವಿ. ನಾರಾಯಣಸ್ವಾಮಿರಾಯರು ೧೯೩೯ರಲ್ಲಿ ಚಿಕ್ಕ ಪ್ರಾಯದಲ್ಲಿಯೇ ಇದಕ್ಕೆ ಮೊದಲುಮಾಡಿದರು. ಶ್ರೀ ರಾಮಸೇವಾ ಮಂಡಲಿಯೆಂಬ ಹೆಸರಿನ ಈ ಸಂಸ್ಥೆಯು ಮುಂದೆ ಕೋಟೆಯ ಪ್ರೌಢಶಾಲೆಯ ಬಯಲಿನಲ್ಲಿ ಚಪ್ಪರ ಹಾಕಿ, ಎಂ. ಎಸ್. ಸುಬ್ಬುಲಕ್ಷ್ಮಿ, ಚೆಂಬೈ ವೈದ್ಯನಾಥ ಭಾಗವತರು ಮೊದಲಾದವರ ಗಾನವನ್ನು ಬಡಾವಣೆಯ ಜನರಿಗೆ ಕೇಳಿಸಿತು. ಅಲ್ಲಿ ಗೋಡೆಗಳಿಲ್ಲ, ಶಾಶ್ವತವಾದ ಆಸನಗಳಿಲ್ಲ. ಉತ್ಸವವು ಮುಗಿದೊಡನೆ ಚಪ್ಪರವನ್ನು ಬಿಚ್ಚುತ್ತಾರೆ. ಬಯಲು ಮತ್ತೆ ಮಕ್ಕಳ ಆಟಕ್ಕೆ ದೊರೆಯುತ್ತದೆ. ಚೀಟಿಯನ್ನು ಕೊಂಡವರು ಒಳಗೆ ಕುಳಿತರೆ, ಕೊಳ್ಳಲಾರದವರು ರಸ್ತೆಯ ಪಕ್ಕದಲ್ಲಿ ಕುಳಿತು ಕೇಳುತ್ತಾರೆ. ಹೀಗೆ ಹೊರಗೆ ಕುಳಿತವರನ್ನು ಯಾರೂ ಎಬ್ಬಿಸುವ ಪದ್ಧತಿಯಿಲ್ಲ. ಈ ಒಂದು ಸಣ್ಣ ಮರ್ಯಾದೆಯಿಂದ, ಯಾವ ಸಂಗೀತಶಾಲೆಯ ಮೆಟ್ಟಲನ್ನೂ ಹತ್ತದ ಎಷ್ಟೋ ಮಂದಿ ರಾಗಗಳ ಗುರುತನ್ನು ತಿಳಿದುಕೊಂಡರೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇದು ಬಾಳಿದುದಕ್ಕೆ ಕಾರಣವು ಗಾಯಕರ ಕೀರ್ತಿಯೊಂದೇ ಎನ್ನುವವರುಂಟು. ಕೀರ್ತಿವಂತ ಗಾಯಕರನ್ನು ಒಮ್ಮೆ ಕರೆಸಿ ಹಾಡಿಸಿ ಕೈತೊಳೆದುಕೊಂಡ ಸಂಘಗಳು ಎಷ್ಟೋ ಇವೆ. ಅವುಗಳ ಹೆಸರೂ ಉಳಿದಿಲ್ಲ. ಪ್ರತಿ ವರ್ಷವೂ ಅದೇ ಋತುವಿನಲ್ಲಿ, ಅದೇ ಬಯಲಿನಲ್ಲಿ, ಸಂಜೆ ಸಂಜೆಗೂ ನಡೆಯುವುದೆಂಬ ಭರವಸೆಯೇ ಇಲ್ಲಿ ಮೂಲದ್ರವ್ಯವು. ಆಲಂಕಾರಿಕರು ಸಹೃದಯನನ್ನು ಲಕ್ಷಿಸುವಾಗ ಕಾವ್ಯಾನುಶೀಲನದ ಅಭ್ಯಾಸದಿಂದ ನಿರ್ಮಲವಾದ ಮನಸ್ಸೆಂಬ ಕನ್ನಡಿಯುಳ್ಳವನೆಂದು ಹೇಳಿದ್ದಾರಷ್ಟೆ. ಇಲ್ಲಿ ಅಭ್ಯಾಸವೆಂಬ ಮಾತನ್ನು ವಿದ್ಯಾರ್ಥಿಗಳು ಉರು ಹೊಡೆದು ಮುಂದಕ್ಕೆ ಹೋಗುತ್ತಾರೆ. ಯೋಜಕರು ಅದರ ಮೇಲೆಯೇ ನಿಲ್ಲಬೇಕಾಗಿದೆ. ಕನ್ನಡಿಯನ್ನು ವರ್ಷಕ್ಕೊಮ್ಮೆ ಒರೆಸಿದರೆ ಅದರಲ್ಲಿ ಮುಖ ಕಾಣಿಸುವುದೆ?

ಇನ್ನು ಅಳತೆಯ ಮಾತು. ಸರ್ಕಾರವಾಗಲಿ ನಗರಸಭೆಯಾಗಲಿ ಕಲೆಗಾಗಿ ಹಣ ತೆಗೆದಿಟ್ಟರೆ ಅದರ ಮೊದಲನೆಯ ಇಚ್ಛೆಯು ದೊಡ್ಡದೊಂದನ್ನು ಕಟ್ಟಬೇಕೆಂಬುದು. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಈ ಇಚ್ಛೆಗೆ ಲಗಾಮು ಹಾಕಿದ್ದಾನೆ. ಜ್ಯೇಷ್ಠ, ಮಧ್ಯಮ, ಕನಿಷ್ಠವೆಂಬ ಮೂರು ಪ್ರಮಾಣಗಳನ್ನು ಹೇಳಿ, ೧೦೮ ಹಸ್ತಗಳ ಜ್ಯೇಷ್ಠವು ದೇವತೆಗಳಿಗೇ ಇರಲಿ ಎಂದು ಬಿಟ್ಟು, ಮನುಷ್ಯರಿಗೆ ೬೪ ಹಸ್ತ ಉದ್ದ ೩೨ ಹಸ್ತ ಅಗಲದ ಮಧ್ಯಮವನ್ನು ವಿಧಿಸಿದ್ದಾನೆ. ಅದಕ್ಕಿಂತ ದೊಡ್ಡದಾದರೆ ನಟನ ಮಾತು ಅಸ್ಪಷ್ಟವಾಗುವುದು, ಮುಖದ ಭಾವವು ಕಾಣದೆಹೋಗುವುದು ಎಂಬುದೇ ಅವನು ಕೊಡುವ ಕಾರಣವು. ಮಂದಿರವು ಬೆಟ್ಟದ ಗುಹೆಯಂತಿರಬೇಕು, ಗಾಳಿಯ ಹೊಡೆತವಿರಬಾರದು, ಆಗ ಸ್ವರಕ್ಕೆ ಗಾಂಭೀರ್ಯ ಬರುವುದೆಂದೂ ಹೇಳಿದ್ದಾನೆ. ಹಸ್ತಕ್ಕೆ ಒಂದೂವರೆ ಅಡಿಯೆಂದು ಹಿಡಿದರೆ ಉದ್ದ ೯೬ ಅಡಿ, ಅಗಲ ೪೮ ಅಡಿ. ಇದರಲ್ಲಿ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಹೋಗಿ, ಪ್ರೇಕ್ಷಕರಿಗೆ ಉಳಿಯುವುದು ೪೮ ಅಡಿಗಳ ಒಂದು ಚೌಕ, ಎಂದರೆ ೨,೩೦೪ ಚದರಡಿ. ಓಡಾಡುವ ದಾರಿಯೂ ಸೇರಿ ಒಬ್ಬೊಬ್ಬರಿಗೆ ೭ ಚದರಡಿಯನ್ನು ಬಿಟ್ಟರೆ ಸುಮಾರು ೩೩೦ ಮಂದಿ ಕುಳಿತುಕೊಳ್ಳಬಹುದು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಜಯಪ್ರಕಾಶ ನಗರದ ರಂಗಶಂಕರವನ್ನು ನೋಡಬೇಕು. ೧೯೯೦ರಲ್ಲಿ ಅಪಘಾತದಲ್ಲಿ ಅಕಾಲಮರಣವನ್ನು ಹೊಂದಿದ ನಟ ಶಂಕರನಾಗರ ಸ್ಮರಣಾರ್ಥವಾಗಿ, ಅವರ ಪತ್ನಿಯವರಾದ ಅರುಂಧತಿ ನಾಗರು ಹಲವು ವರ್ಷ ಹಣ ಕೂಡಿಸಿ, ಸರ್ಕಾರದಿಂದ ಗುತ್ತಿಗೆಯಾಗಿ ದೊರೆತ ನಿವೇಶನದಲ್ಲಿ ಕಟ್ಟಿಸಿದ ಈ ಮಂದಿರವು ೨೦೦೪ರಲ್ಲಿ ತೆರೆಯಿತು. ಆಸನಗಳು ಸುಮಾರು ೩೨೦. ಭರತನ ಸೂತ್ರದಿಂದ ಹೊರಟ ಲೆಕ್ಕಕ್ಕೂ ಇದಕ್ಕೂ ಇರುವ ಸಾಮೀಪ್ಯವು ಆಕಸ್ಮಿಕವೇ ಇರಬಹುದು. ಮನುಷ್ಯನ ಕಣ್ಣೂ ಕಂಠವೂ ಎರಡು ಸಾವಿರ ವರ್ಷಗಳಲ್ಲಿ ಬದಲಾಗಿಲ್ಲವೆಂದು ಹೇಳುವುದೇ ಹೆಚ್ಚು ಯುಕ್ತವು. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ನಟನ ಹುಬ್ಬಿನ ಚಲನೆಯು ಕಾಣುತ್ತದೆ.

ಆದರೆ ಕಟ್ಟಡಕ್ಕಿಂತಲೂ ಶ್ಲಾಘ್ಯವಾದುವು ಅಲ್ಲಿಯ ನಿಯಮಗಳು. ಸೋಮವಾರದ ಹೊರತು ದಿನವೂ ನಾಟಕವಿರಬೇಕೆಂಬುದು ಮೊದಲನೆಯದು. ಸಂಜೆ ಏಳೂವರೆಗೆ ಬಾಗಿಲು ಮುಚ್ಚುವುದು ಎರಡನೆಯದು. ತಡವಾಗಿ ಬಂದವರು ಎಂತಹ ಪದವಿಯವರಾದರೂ ಹೊರಗೇ ಉಳಿಯುತ್ತಾರೆ. ಸಭಾಧ್ಯಕ್ಷರು ಬರುವವರೆಗೆ ಒಂದು ಗಂಟೆ ಕಾಯುವುದನ್ನೇ ಶಿಷ್ಟಾಚಾರವೆಂದು ತಿಳಿದ ನಾಡಿನಲ್ಲಿ ಇದೊಂದು ಸಣ್ಣ ಕ್ರಾಂತಿಯೇ ಸರಿ. ಮಂದಿರವನ್ನು ನಾಟಕಕ್ಕಾಗಿಯೇ ಮೀಸಲಿಟ್ಟು, ಮಂಡಳಿಗಳಿಂದ ಬಾಡಿಗೆಯನ್ನು ಹಗುರವಾಗಿ ತೆಗೆದುಕೊಳ್ಳುವುದು ಇನ್ನೊಂದು. ಊಟದ ಹೊತ್ತಿನಲ್ಲಿ ನಾಟಕವನ್ನು ಆಡಬಾರದೆಂದು ಭರತನು ನಿಷೇಧಿಸಿದ್ದಾನೆ. ಏಳೂವರೆಯೆಂಬುದು ಆ ಹೊತ್ತಿಗೆ ಸಮೀಪವೇ ಆದರೂ ಪಕ್ಕದಲ್ಲಿಯೇ ಬಿಸಿ ತಿಂಡಿಗಳ ಉಪಾಹಾರಗೃಹವಿರುವುದರಿಂದ ಶಾಸ್ತ್ರಕ್ಕೆ ಲೋಪ ಬಂದಿಲ್ಲವೆಂದು ಸಮಾಧಾನ ಪಡಬಹುದು.

ಇದರಲ್ಲಿ ಕೊರತೆಯಿಲ್ಲವೆಂದಲ್ಲ. ಇಡೀ ಮಹಾನಗರದಿಂದ ವಾಹನಗಳುಳ್ಳವರು ಅಲ್ಲಿಗೆ ಬಂದು ನೋಡಿ ಹೋಗುತ್ತಾರೆ. ಪಕ್ಕದ ಬೀದಿಯ ಅಂಗಡಿಯವನೂ ಮನೆಗೆಲಸದ ಹೆಂಗಸೂ ಒಳಗೆ ಬಂದರೇ ಎಂಬುದು ಬೇರೆಯ ಪ್ರಶ್ನೆಯು. ಚಾಮರಾಜಪೇಟೆಯ ರಸ್ತೆಯ ಬದಿಯಲ್ಲಿ ಕುಳಿತ ಶ್ರೋತೃವಿಗೆ ಇಲ್ಲಿ ಸಮಾನವಾದ ಸ್ಥಳವಿಲ್ಲ. ಗಾನವು ಚಪ್ಪರವನ್ನು ದಾಟಿ ಹೋಗಬಲ್ಲುದು, ಅಭಿನಯವು ಗೋಡೆಯನ್ನು ದಾಟಲಾರದು ಎಂಬ ವ್ಯತ್ಯಾಸವನ್ನು ಒಪ್ಪಿಕೊಂಡ ಮೇಲೂ ಈ ಕೊರತೆಯು ಪೂರ್ತಿಯಾಗಿ ಪರಿಹಾರವಾಗುವುದಿಲ್ಲ. ಇದಕ್ಕೆ ಮದ್ದು ಆ ಮಂದಿರವನ್ನು ದೊಡ್ಡದು ಮಾಡುವುದಾಗಿರದೆ, ಅಂತಹವನ್ನು ಹತ್ತಾರು ಬಡಾವಣೆಗಳಲ್ಲಿ ಕಟ್ಟುವುದೇ ಆಗಿದೆ.

ದೊಡ್ಡದನ್ನು ಕಟ್ಟಿದರೇನಾಗುವುದೆಂಬುದಕ್ಕೆ ಉದಾಹರಣೆಯು ದೂರವಿಲ್ಲ. ಮಲ್ಲೇಶ್ವರದ ಬಳಿಯ ಚೌಡಯ್ಯ ಸ್ಮಾರಕ ಭವನವು ಏಳುತಂತಿಯ ಪಿಟೀಲಿನ ಮಹಾವಿದ್ವಾಂಸರಿಗೆ ಸಂದ ಭಕ್ತಿಯ ಕಾಣಿಕೆಯಾಗಿದ್ದು, ೧೯೮೦ರಲ್ಲಿ ಪಿಟೀಲಿನ ಆಕಾರದಲ್ಲಿಯೇ ಎದ್ದಿತು. ಅದನ್ನು ನೋಡಲು ಪರಸ್ಥಳದವರೂ ಬರುತ್ತಾರೆ. ಆದರೆ ವಾದ್ಯದ ಆಕಾರವು ಆಕಾಶದಿಂದ ಕಾಣುತ್ತದೆ, ಒಳಗೆ ಕುಳಿತವನಿಗೆ ಕಾಣುವುದಿಲ್ಲ. ಸುಮಾರು ಸಾವಿರ ಆಸನಗಳನ್ನು ತುಂಬುವ ಭಾರವು ಮಾತ್ರ ಹೊಸದಾಗಿ ಹಾಡಲು ಬಂದ ಹುಡುಗನ ಮೇಲೆ ಬೀಳುತ್ತದೆ. ಸಾವಿರದಲ್ಲಿ ಇನ್ನೂರು ಮಂದಿ ಬಂದರೆ ಅದು ಸೋಲು. ಮುನ್ನೂರರಲ್ಲಿ ಇನ್ನೂರು ಬಂದರೆ ಉತ್ಸವ. ಕಲಾವಿದನಿಗೂ ಶ್ರೋತೃಗಳಿಗೂ ಈ ಎರಡರಲ್ಲಿಯೂ ಉಂಟಾಗುವ ಮನಃಸ್ಥಿತಿಗಳು ಎಷ್ಟು ಬೇರೆಯೆಂಬುದನ್ನು ಅನುಭವಸ್ಥರು ಬಲ್ಲರು. ಜಿಲ್ಲೆ ಜಿಲ್ಲೆಗೂ ರಂಗಮಂದಿರವಾಗಬೇಕೆಂದು ಹಟ ಹಿಡಿದವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡತಕ್ಕದ್ದು.

ನವೆಂಬರು ತಿಂಗಳಿನಲ್ಲಿ ಬಡಾವಣೆಗಳ ಪ್ರತಿಯೊಂದು ತಿರುವಿನಲ್ಲಿಯೂ ನಡೆಯುವ ರಾಜ್ಯೋತ್ಸವಗಳನ್ನು ಕುರಿತು ವಿದ್ಯಾವಂತರು ಮೂಗು ಮುರಿಯುವುದುಂಟು. ಧ್ವನಿವರ್ಧಕಗಳ ಆರ್ಭಟವು ದುಸ್ಸಹವೆಂಬುದು ನಿಜ. ಆದರೂ ತರುಣರು ಮನೆಮನೆಗೆ ಹೋಗಿ ಚಂದಾ ಎತ್ತಿ, ತಾವೇ ತೋರಣ ಕಟ್ಟಿ, ಮರುದಿನ ತಾವೇ ಬಿಚ್ಚುವ ಆ ಉದ್ಯಮಶೀಲತೆಯನ್ನು ಯಾವ ಪ್ರಾಧಿಕಾರವೂ ಹಣ ಕೊಟ್ಟು ಹುಟ್ಟಿಸಲಾರದು. ಅಲ್ಲಿ ಕೊರತೆಯಾಗಿರುವುದು ಒಂದು ಚಿಕ್ಕ ಮಂದಿರವೂ, ಕೂಗದೆ ಕೇಳಿಸಬಹುದೆಂಬ ಅನುಭವವೂ. ನಾಟ್ಯಶಾಸ್ತ್ರವು ಸಿದ್ಧಿಗಳನ್ನು ಎರಡಾಗಿ ವಿಂಗಡಿಸಿ, ನಗೆ ಚಪ್ಪಾಳೆ ಸಾಧುವಾದಗಳಿಂದ ಕೂಡಿದುದನ್ನು ಮಾನುಷಿಯೆಂದೂ, ರಂಗವು ತುಂಬಿದ್ದು ಸದ್ದೂ ಗದ್ದಲವೂ ಇಲ್ಲದಿರುವುದನ್ನು ದೈವಿಕಿಯೆಂದೂ ಕರೆಯುತ್ತದೆ. ಇಲಾಖೆಗಳ ವಾರ್ಷಿಕ ವರದಿಗಳು ಮೊದಲನೆಯದನ್ನು ಮಾತ್ರ ಎಣಿಸಬಲ್ಲುವು.

ಈಗ ಬೆಂಗಳೂರಿನ ಪಶ್ಚಿಮಕ್ಕೆ ನಾಡಪ್ರಭು ಕೆಂಪೇಗೌಡ ಬಡಾವಣೆಯು ರೂಪುಗೊಳ್ಳುತ್ತಿದೆ. ಜಿಲ್ಲೆಗಳ ಪಟ್ಟಣಗಳ ಹೊರವಲಯದಲ್ಲಿಯೂ ಕಲ್ಲುಗಳನ್ನು ನೆಟ್ಟು ನಿವೇಶನಗಳನ್ನು ಅಳೆಯುತ್ತಿದ್ದಾರೆ. ಸೌಕರ್ಯಗಳಿಗೆಂದು ಬಿಟ್ಟ ನೆಲದಲ್ಲಿ ೧೨೦ ಅಡಿ ಉದ್ದ ೮೦ ಅಡಿ ಅಗಲದ ಒಂದು ತುಂಡನ್ನು, ಮೊದಲನೆಯ ಮನೆಯು ಏಳುವುದಕ್ಕೆ ಮುಂಚೆಯೇ, ಈ ಕೆಲಸಕ್ಕೆಂದು ಗುರುತುಮಾಡಿಟ್ಟರೆ ಸಾಕು. ಅಲ್ಲಿ ಲಗ್ನಗಳಿಗೆ ಅವಕಾಶವಿಲ್ಲವೆಂದೂ, ಬಾಡಿಗೆಯು ಇಷ್ಟನ್ನು ಮೀರಕೂಡದೆಂದೂ ಗುತ್ತಿಗೆಯ ಪತ್ರದಲ್ಲಿಯೇ ಬರೆದಿಡಬೇಕು. ವರ್ಷದ ಕಾರ್ಯಕ್ರಮಪಟ್ಟಿಯು ಯುಗಾದಿಯ ದಿನ ಪಂಚಾಂಗದೊಡನೆ ಮನೆಮನೆಗೂ ತಲುಪಬೇಕು. ೯೬ ಅಡಿಯ ಮಂದಿರವು ಎದ್ದ ಮೇಲೆ ಮುಂಭಾಗದಲ್ಲಿ ೨೪ ಅಡಿ ಉಳಿಯುತ್ತದೆ. ಅಷ್ಟರಲ್ಲಿ ಒಂದು ಹೊಂಗೆಯ ಮರಕ್ಕೂ, ಅದರ ಬುಡಕ್ಕೆ ಒಂದು ಕಟ್ಟೆಗೂ, ಚೀಟಿ ಕೊಳ್ಳದವರು ಕುಳಿತು ಹರಟುವುದಕ್ಕೂ, ಒಂದು ಕಾಫಿಯ ಒಲೆಗೂ ಸ್ಥಳವಿದೆ.