ಜಾಡಿಯಲ್ಲಿ ಮಾಗಿದ ಊಟ

ದಕ್ಷಿಣ ಕೊರಿಯಾದ ಜಿಯೊಂಜು ಊರಿನಲ್ಲಿ ಮನೆಮಂದಿಯೇ ನಡೆಸುವ ಪುಟ್ಟ ಹೋಟೆಲುಗಳಿಗೆ ಹೋದರೆ ನಾನು ಮೊದಲು ಕೇಳುವುದು ದ್ವೆಂಜಾಂಗ್ ಜಿಗೆ ಎಂಬ ಗಟ್ಟಿ ಸಾರನ್ನು. ಮಣ್ಣಿನ ಬಟ್ಟಲಲ್ಲಿ ಮೇಜಿಗೆ ಬಂದ ಮೇಲೂ ಅದು ಕೊತಕೊತ ಕುದಿಯುತ್ತಲೇ ಇರುತ್ತದೆ. ತೋಫು, ಅಣಬೆ ಎಲ್ಲ ಸರಿ, ಜೀವವಿರುವುದು ಮಾತ್ರ ಹುದುಗಿಸಿದ ಸೋಯಾದಲ್ಲಿ. ಬೇಯಿಸಿ ಕುಟ್ಟಿದ ಕಾಳನ್ನು ಇಟ್ಟಿಗೆಯಂತೆ ತಟ್ಟಿ, ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕುತ್ತಾರೆ. ಹುಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ. ಆಮೇಲೆ ಜಾಡಿಯ ಉಪ್ಪುನೀರು. ತಿಂಗಳುಗಳು ಕಳೆದ ಮೇಲೆ ಬಸಿದ ನೀರು ಸೋಯಾ ಸಾಸ್, ಉಳಿದ ಗಟ್ಟಿ ದ್ವೆಂಜಾಂಗ್. ಎಂಥ ಜಾಣ್ಮೆ! 2024ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜಿಗೆಯನ್ನು ಸಾಮಾನ್ಯವಾಗಿ ಒಣಮೀನಿನ ರಸದಲ್ಲೇ ಕುದಿಸುವುದರಿಂದ ಸಸ್ಯಾಹಾರಿಗಳು ಮೊದಲೇ ವಿಚಾರಿಸಬೇಕು. ಜೊತೆಗೆ ಬರುವ ಕಿಮ್ಚಿ, ಮೊಳಕೆಕಾಳಿನ ಪಲ್ಯದ ತಟ್ಟೆ ಬರಿದಾದರೆ ಮತ್ತೆ ತುಂಬಿಸಿಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ.