ಜೂಲನ ನಿಯಮವೂ ಪಠ್ಯಪುಸ್ತಕದ ಸಂಕ್ಷೇಪವೂ

ರೋಧಕಗಳಲ್ಲಿ ಹುಟ್ಟುವ ಉಷ್ಣವನ್ನು ಕುರಿತ ಜೂಲನ ನಿಯಮವನ್ನು ಮೂರು ಅನುಪಾತಗಳಾಗಿ ವಿಂಗಡಿಸಿ ಹೇಳುವುದು ಪಠ್ಯಪುಸ್ತಕಗಳ ರೂಢಿ: ಉಷ್ಣವು ಪ್ರವಾಹದ ವರ್ಗಕ್ಕೂ, ರೋಧಕ್ಕೂ, ಕಾಲಕ್ಕೂ ಅನುಪಾತದಲ್ಲಿರುತ್ತದೆ. ಎರಡನೆಯದಕ್ಕೆ 'ಪ್ರವಾಹವು ಸ್ಥಿರವಾಗಿರುವಾಗ' ಎಂಬ ನಿಬಂಧನೆಯುಂಟು. ಅದು ಎಲ್ಲಿಂದ ಬಂದಿತೆಂಬುದನ್ನು ತಿಳಿಸದಿದ್ದರೆ, ವಿದ್ಯಾರ್ಥಿಯು ಅನುಪಾತವನ್ನು ಕಂಠಪಾಠ ಮಾಡಿ ನಿಬಂಧನೆಯನ್ನು ಮರೆಯುತ್ತಾನೆ. ಇತಿಹಾಸದ ಅಧ್ಯಾಪಕರಾದ ನಾವು ಭೌತಶಾಸ್ತ್ರದ ಅಂಗಳದಲ್ಲಿ ಕಾಲಿಡಲು ಇದೇ ಕಾರಣ.

ಇಂಗ್ಲೆಂಡಿನ ಸಾಲ್‌ಫರ್ಡಿನಲ್ಲಿ ಮದ್ಯ ತಯಾರಕರ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೂಲನು 1841ರಲ್ಲಿ ತನ್ನ ಪ್ರಯೋಗಗಳ ವಿವರವನ್ನು ಪ್ರಕಟಿಸಿದನು. ಬೇರೆ ಬೇರೆ ರೋಧವುಳ್ಳ ತಂತಿಗಳನ್ನು ನೀರಿನ ಪಾತ್ರೆಗಳಲ್ಲಿ ಮುಳುಗಿಸಿ, ಒಂದೇ ಪ್ರವಾಹವು ಅವುಗಳಲ್ಲಿ ಹಾಯುವಂತೆ ಮಾಡಿ, ನೀರಿನ ತಾಪ ಎಷ್ಟು ಏರಿತೆಂಬುದನ್ನು ಅಳೆದನು. ಎಂದರೆ, ನಿಬಂಧನೆಯು ವಾಕ್ಯದ ಅಲಂಕಾರವಲ್ಲ. ಸರಣಿ ಜೋಡಣೆಯಾದ ಆ ಪ್ರಯೋಗವೇ ಅದು.

10 ಮತ್ತು 20 ಓಮ್‌ಗಳ ಎರಡು ರೋಧಕಗಳನ್ನು 30 ವೋಲ್ಟಿಗೆ ಸರಣಿಯಲ್ಲಿ ಜೋಡಿಸಿದರೆ ಪ್ರವಾಹ 1 ಆಂಪಿಯರ್. ಸೆಕೆಂಡಿಗೆ ಹುಟ್ಟುವ ಉಷ್ಣ ಕ್ರಮವಾಗಿ 10 ಮತ್ತು 20 ಜೂಲ್. ಅವನ್ನೇ ಸಮಾಂತರವಾಗಿ ಜೋಡಿಸಿದರೆ ವಿಭವಾಂತರವು ಎರಡಕ್ಕೂ ಒಂದೇ. ಉಷ್ಣ 90 ಮತ್ತು 45 ಜೂಲ್. ಇಲ್ಲಿ ಕಡಮೆ ರೋಧದ್ದೇ ಹೆಚ್ಚು ಕಾಯುತ್ತದೆ. ನಿಯಮ ಬದಲಾಗಲಿಲ್ಲ, ಸ್ಥಿರವಾಗಿರುವ ರಾಶಿ ಬದಲಾಯಿತು.

ಈ ಭೇದವನ್ನರಿಯದವನಿಗೆ ವಿದ್ಯುದ್ದೀಪದ ಚರಿತ್ರೆಯೂ ಅರ್ಥವಾಗದು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನ ಕೇಂದ್ರದಿಂದ ಬೆಳಕನ್ನೊದಗಿಸಿದ ಎಡಿಸನ್ನನು ದೀಪಗಳನ್ನು ಪರಸ್ಪರ ಸಮಾಂತರವಾಗಿ ಜೋಡಿಸಿ, ಹೆಚ್ಚು ರೋಧದ ಇಂಗಾಲದ ಎಳೆಯನ್ನು ಬಳಸಿದನು. ದೀಪದ ರೋಧ ಹೆಚ್ಚಿದಷ್ಟೂ ಅದು ಸೆಳೆಯುವ ಪ್ರವಾಹ ಕಡಮೆ. ಕೇಂದ್ರದಿಂದ ಬರುವ ತಾಮ್ರದ ತಂತಿಯಾದರೋ ದೀಪಗಳೊಡನೆ ಸರಣಿಯಲ್ಲಿರುವುದರಿಂದ, ಪ್ರವಾಹ ಇಳಿದರೆ ಅದರಲ್ಲಿ ವ್ಯರ್ಥವಾಗುವ ಉಷ್ಣವೂ ಇಳಿಯುತ್ತದೆ. ತೆಳುವಾದ ತಂತಿಯೇ ಸಾಕಾಗುತ್ತದೆ. ತಾಮ್ರದ ವೆಚ್ಚವನ್ನು ತಗ್ಗಿಸಿದ ಈ ಉಪಾಯದ ಮೇಲೆ ಆ ವ್ಯವಸ್ಥೆ ನಿಂತಿತು.

ಪಠ್ಯಪುಸ್ತಕವು ಸಂಕ್ಷಿಪ್ತವಾಗಿರಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಸಂಕ್ಷೇಪವು ಕಾರಣವನ್ನೇ ನುಂಗಬಾರದು. ಯಾವ ರಾಶಿ ಸ್ಥಿರವೆಂಬುದನ್ನು ಮೊದಲು ಹೇಳಿ, ಜೂಲನ ಪ್ರಯೋಗವನ್ನು ನಾಲ್ಕು ವಾಕ್ಯಗಳಲ್ಲಿ ವಿವರಿಸಿ, ಅನಂತರ ಸೂತ್ರವನ್ನು ಕೊಟ್ಟರೆ ಪುಟ ಹೆಚ್ಚು ಬೆಳೆಯದು. ವಿದ್ಯಾರ್ಥಿಯ ತಿಳಿವು ಬೆಳೆಯುವುದು.