‘ಪ್ರಿನ್ಸ್ ಆಫ್ ಪರ್ಷಿಯಾ’: ಮೂಲ ಮತ್ತು ಮರುಸೃಷ್ಟಿ

ಹಳೆಯ ಕತೆಯನ್ನು ಮತ್ತೆ ಹೇಳುವುದು ಕನ್ನಡಕ್ಕೆ ಹೊಸದಲ್ಲ. ನಮ್ಮ ನೆರೆಯ ಮುಧೋಳದ ರನ್ನನು ಪಂಪಭಾರತದ ಒಂದು ಭಾಗವನ್ನೆತ್ತಿಕೊಂಡು ‘ಗದಾಯುದ್ಧ’ವನ್ನು ಕಟ್ಟಿದನು, ಪಂಪನಲ್ಲಿ ಸಂಗ್ರಹವಾಗಿದ್ದ ದುರ್ಯೋಧನನ ಅಳಲು ಅಲ್ಲಿ ಹಿರಿದಾಗಿ ಬೆಳೆಯಿತು. ಆದುದರಿಂದ ಯಾವ ಮರುಸೃಷ್ಟಿಯನ್ನಾದರೂ ನಾವು ಕೇಳತಕ್ಕ ಪ್ರಶ್ನೆ ಇದು: ಮೂಲದಲ್ಲಿ ಕಾಣದ ಏನನ್ನು ನೀನು ಕಾಣಿಸಿದೆ? ಕಂಪ್ಯೂಟರಿನ ಆಟಕ್ಕೂ ಈ ಪ್ರಶ್ನೆ ಸಲ್ಲುತ್ತದೆ. ಆಟವೆಂದರೆ ಹುಡುಗರ ಕಾಲಹರಣವೆಂದು ಮೂಗು ಮುರಿಯುವ ವಾಚಕರು ತುಸು ತಾಳ್ಮೆ ವಹಿಸಬೇಕು.

‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಸಾಹಸದ ಆಟ ಅಮೆರಿಕದ ಜೋರ್ಡನ್ ಮೆಕ್ನರ್ ಅವರ ಕೃತಿ, 1989ರಲ್ಲಿ ಹೊರಬಂದಿತು. ತೊಂಬತ್ತರ ದಶಕದಲ್ಲಿ ನಿಪ್ಪಾಣಿಯ ಕಂಪ್ಯೂಟರ್ ತರಗತಿಯೊಂದರಲ್ಲಿ ನಾನು ಇದನ್ನು ಮೊದಲು ಕಂಡೆ. ಪಾಠ ಮುಗಿದ ಮೇಲೆ ಒಂದು ಯಂತ್ರದ ಸುತ್ತ ಹತ್ತು ತಲೆಗಳು! ಕತೆ ಸರಳ. ಸುಲ್ತಾನನು ಯುದ್ಧಕ್ಕೆ ಹೋದಾಗ ಮಂತ್ರಿ ಜಾಫರನು ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಡುತ್ತಾನೆ: ತನ್ನೊಡನೆ ಮದುವೆ, ಇಲ್ಲವೆ ಮರಣ. ಸೆರೆಯಲ್ಲಿರುವ ನಾಯಕನು ಆ ಅರುವತ್ತು ನಿಮಿಷಗಳಲ್ಲಿ ಹನ್ನೆರಡು ಹಂತಗಳನ್ನು ದಾಟಬೇಕು. ಮೆಕ್ನರ್ ತಮ್ಮ ಕಿರಿಯ ಸೋದರನನ್ನು ಓಡಿಸಿ, ನೆಗೆಯಿಸಿ, ಚಿತ್ರೀಕರಿಸಿಕೊಂಡು, ಆ ಚಲನೆಯನ್ನೇ ಒಂದೊಂದಾಗಿ ಪರದೆಗೆ ಇಳಿಸಿದರು. ಅಂತೆಯೇ ಆ ಪುಟ್ಟ ಬಿಳಿ ಆಕೃತಿಗೆ ಮನುಷ್ಯನ ಭಾರವಿದೆ. ಅದು ಬಿದ್ದಾಗ ನಮ್ಮ ಎದೆ ಝಲ್ಲೆನ್ನುತ್ತದೆ.

ಆಟದ ಜೀವಾಳ ಇರುವುದು ನೆರಳಿನಲ್ಲಿ. ಯಂತ್ರದ ನೆನಪಿನಲ್ಲಿ ಬೇರೊಬ್ಬ ಎದುರಾಳಿಯ ಚಿತ್ರಗಳಿಗೆ ಎಡೆ ಸಾಲದೆ, ಮೆಕ್ನರ್ ನಾಯಕನ ಚಿತ್ರಗಳನ್ನೇ ಮಾರ್ಪಡಿಸಿ ಒಬ್ಬ ನೆರಳುಮನುಷ್ಯನನ್ನು ಮಾಡಿದರು. ನಾಲ್ಕನೆಯ ಹಂತದಲ್ಲಿ ದಾರಿಗೆ ಅಡ್ಡವಾದ ಕನ್ನಡಿಯೊಳಗೆ ನಾಯಕನು ನೆಗೆದಾಗ ಅವನ ನೆರಳು ಬೇರ್ಪಟ್ಟು ಓಡುತ್ತದೆ. ಮುಂದೆ ಅವನಿಗೆ ಸಲ್ಲಬೇಕಾದ ಮದ್ದನ್ನು ಕುಡಿದುಬಿಡುತ್ತದೆ. ಹನ್ನೆರಡನೆಯದರಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದನ್ನು ಇರಿದರೆ ಗಾಯ ನಮಗೇ. ಕೊಂದರೆ ಸಾಯುವವರೂ ನಾವೇ. ಕತ್ತಿಯನ್ನು ಒರೆಗೆ ಸೇರಿಸಿ ಅದರತ್ತ ನಡೆದಾಗ ಇಬ್ಬರೂ ಒಂದಾಗುತ್ತಾರೆ. ಬಳಿಕ ಬರಿದೆನಿಸಿದ್ದ ಕಂದಕದ ಮೇಲೆ ಹೆಜ್ಜೆಯಿಟ್ಟಂತೆ ನೆಲ ಮೂಡುತ್ತದೆ. ಬಡತನದಿಂದ ಹುಟ್ಟಿದ ಉಪಾಯವೊಂದು ಅರ್ಥವಾಗಿ ಮಾಗಿದ ಬಗೆ ಇದು.

ಈ ಅರ್ಥ ನಮ್ಮ ಸೀಮೆಗೆ ಅಪರಿಚಿತವಲ್ಲ. ಅಥಣಿ, ರಾಯಬಾಗ, ಕಾಗವಾಡಗಳಿಂದ ಗಡಿಯಾಚೆಯ ಕುಂಭೋಜದ ಬಾಹುಬಲಿ ಬೆಟ್ಟಕ್ಕೆ ಹೋಗಿಬಂದವರು ಇದನ್ನು ಥಟ್ಟನೆ ಗುರುತಿಸುವರು. ಪಂಪನ ‘ಆದಿಪುರಾಣ’ದ ಬಾಹುಬಲಿ ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿ, ಅಪ್ಪಳಿಸದೆ ಇಳಿಸಿ, ಗೆದ್ದ ರಾಜ್ಯವನ್ನೇ ತೊರೆದು ತಪಸ್ಸಿಗೆ ನಡೆದನು. ಆದರೆ ಪರ್ಷಿಯದ ರಾಜಕುಮಾರ ಅಷ್ಟು ದೂರ ಹೋಗುವುದಿಲ್ಲ. ಒರೆಗೆ ಸೇರಿದ ಕತ್ತಿ ಜಾಫರನೆದುರು ಮತ್ತೆ ಹೊರಬರುತ್ತದೆ. ಮೂಲ ಕೃತಿ ತೆರೆದಿಟ್ಟು ಹೋದ ಪ್ರಶ್ನೆ ಇದು.

2007ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ ಕ್ಲಾಸಿಕ್’ ಎಂಬ ಮರುಸೃಷ್ಟಿ ಬಂದಿತು. ಹಂತಗಳೂ ಕತೆಯೂ ಹೆಚ್ಚುಕಡಮೆ ಹಳೆಯವೇ. ಆದರೆ ಕಲ್ಲಿಗೆ ಆಳ ಬಂದಿದೆ, ದೀಪಕ್ಕೆ ಕಾಂತಿ ಬಂದಿದೆ, ನಾಯಕನ ಮೈಗೆ ಹೊಸ ಚುರುಕು ಬಂದಿದೆ. ಕಣ್ಣಿಗೆ ಇದು ಹಬ್ಬವೆಂಬುದನ್ನು ಒಪ್ಪಬೇಕು. ಹಳೆಯ ಆಟವನ್ನು ಕಾಣದವರು ಇದರಿಂದಲೇ ಮೊದಲುಮಾಡಲಿ. ಆದರೆ ಕಗ್ಗತ್ತಲೆಯ ಮುಂದೆ ಕೆಲವೇ ಇಟ್ಟಿಗೆಗಳು ಕಾಣುತ್ತಿದ್ದಾಗ ನಮ್ಮ ಕಲ್ಪನೆಗೆ ಇದ್ದ ಕೆಲಸ ಇಲ್ಲಿ ತಪ್ಪಿತು. ಎಲ್ಲವೂ ಬೆಳಗಿದೆಡೆಯಲ್ಲಿ ನೆರಳೂ ಒಂದು ಚಮತ್ಕಾರವಾಗಿ ಉಳಿಯಿತು.

ಬದಲಾಯಿಸಿದ್ದು ಹೆಚ್ಚಾಯಿತೆಂಬುದು ನನ್ನ ಆಕ್ಷೇಪವಲ್ಲ, ಸಾಲದೆಂಬುದು. ರನ್ನನಂತೆ ಧೈರ್ಯಮಾಡಿ ಆ ನೆರಳಿನ ಕಡೆಯಿಂದ ಕತೆಯನ್ನು ನೋಡಬಹುದಿತ್ತು. ಕತ್ತಿ ಮತ್ತೆ ಹೊರಬಂದುದೇಕೆಂದು ಕೇಳಬಹುದಿತ್ತು. ಅದನ್ನು ಕೇಳುವ ಕೃತಿ ಬರುವ ತನಕ ನಾನು ಹಳೆಯ ಆಟವನ್ನೇ ಆಡುವೆನು.